ಹಾಲು ತಳ ಹಿಡಿದ ಪಾತ್ರೆಗೆ ಮೊದಲು ಸೋಡಾ, ಆಮೇಲೆ ಹುಣಸೆ

ಹಾಲು ತಳ ಹಿಡಿದ ಪಾತ್ರೆಯನ್ನು ಚಾಕುವಿನಿಂದಾಗಲಿ ಸ್ಟೀಲ್ ಜುಂಗಿನಿಂದಾಗಲಿ ಕೆರೆಯಬೇಡಿ. ಕೆರೆದಷ್ಟೂ ತಳದಲ್ಲಿ ಗೀರು ಬೀಳುತ್ತದೆ. ನಾಳೆ ಕಾಯಿಸುವ ಹಾಲು ಆ ಗೀರುಗಳಲ್ಲೇ ಮತ್ತೆ ಕಚ್ಚುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಗೆ ನೆಂಟರು ತುಂಬಿದ ಮನೆಯ ಪಾಯಸದ ಪಾತ್ರೆ ಇರಲಿ, ದಿನಾ ಬೆಳಿಗ್ಗೆ ಕಾಫಿಗೆ ಹಾಲಿಡುವ ಪಾತ್ರೆ ಇರಲಿ, ಕೈ ನೋಯುವ ಹಾಗೆ ತಿಕ್ಕಬೇಕಾಗಿಲ್ಲ.

ತಳದಲ್ಲಿ ಕೂರುವುದಾದರೂ ಏನು? ಹಾಲಿನ ಪ್ರೋಟೀನ್‌ನಲ್ಲಿ, ಅಂದರೆ ಮೈ ಬೆಳೆಸುವ ಸತ್ವದಲ್ಲಿ, ಎರಡು ಬಗೆ. ಹಾಲು ಒಡೆದಾಗ ಗಟ್ಟಿಯಾಗುವುದು ಕೇಸಿನ್. ಮಿಕ್ಕ ತಿಳಿನೀರಿನಲ್ಲಿರುವುದು ವ್ಹೇ ಪ್ರೋಟೀನ್. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ವ್ಹೇ ರೂಪ ಕೆಟ್ಟು, ಬಿಸಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಜೊತೆಗೆ ಹಾಲಿನ ಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಸುಣ್ಣದಂಥ ಲವಣವೂ ಕೂರುತ್ತದೆ. ಪ್ರೋಟೀನ್ ಬಿಡಿಸಲು ಕ್ಷಾರ ಬೇಕು, ಲವಣ ಕರಗಲು ಹುಳಿ ಬೇಕು. ದೊಡ್ಡ ಡೇರಿಗಳಲ್ಲಿ ಹಾಲು ಹರಿಯುವ ಕೊಳವೆ ತೊಳೆಯುವುದೂ ಸಾಮಾನ್ಯವಾಗಿ ಇದೇ ಕ್ರಮದಲ್ಲಿ.

ಮನೆಯಲ್ಲಿ ಹೀಗೆ ಮಾಡಿ. ಹಾಲು ಬಗ್ಗಿಸಿದ ಕೂಡಲೇ ಪಾತ್ರೆಗೆ ನೀರು ಹಾಕಿ. ಒಣಗಲು ಬಿಟ್ಟರೆ ಕೆಲಸ ಎರಡರಷ್ಟು. ಆಮೇಲೆ ಆ ನೀರು ಚೆಲ್ಲಿ, ಕಲೆ ಮುಳುಗುವಷ್ಟು ತಣ್ಣೀರು ಹಾಕಿ, ಲೀಟರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಕದಡಿ ಒಲೆಗಿಡಿ. ಕುದಿಯುವ ನೀರಿಗೆ ಸೋಡಾ ಸುರಿಯಬೇಡಿ, ನೊರೆ ಉಕ್ಕುತ್ತದೆ. ಹತ್ತು ನಿಮಿಷ ಸಣ್ಣಗೆ ಕುದಿಯಲಿ. ಕುದಿದಾಗ ಸೋಡಾದ ಕ್ಷಾರ ಇನ್ನೂ ಬಲವಾಗುತ್ತದೆ, ಬರೀ ನೆನೆಸಿದರೆ ಅಷ್ಟು ಕೆಲಸ ಮಾಡುವುದಿಲ್ಲ. ಆರಿದ ಮೇಲೆ ಮರದ ಸೌಟಿನಿಂದ ಒತ್ತಿ ನೋಡಿ, ಕಂದು ಪದರ ಅಂಚಿನಿಂದ ಎದ್ದು ಹಪ್ಪಳದ ಹಾಗೆ ಬರುತ್ತದೆ. ಒಣಗಿದ ಹೀರೇಕಾಯಿ ನಾರಿನಿಂದ ಉಜ್ಜಿ ತೊಳೆಯಿರಿ.

ಇನ್ನೂ ಬೆಳ್ಳಗೆ ಮಂಜು ಕವಿದಂತೆ ಕಂಡರೆ ಅದು ಲವಣ. ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗಳಲ್ಲಿ ಇದು ಹೆಚ್ಚು. ನೆನೆಸಿದ ಹುಣಸೆಹಣ್ಣೋ ನಿಂಬೆ ಹೋಳೋ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಸೋಡಾ, ಹುಳಿ ಎರಡನ್ನೂ ಒಟ್ಟಿಗೆ ಹಾಕಿದರೆ ಬೇಗ ಆಗುವುದಿಲ್ಲವೇ? ಇಲ್ಲ. ಬುರುಬುರು ನೊರೆ ಬರುತ್ತದೆ, ಆದರೆ ಒಂದು ಇನ್ನೊಂದರ ಶಕ್ತಿ ಕಳೆಯುತ್ತದೆ.

ಇದೆಲ್ಲ ಸ್ಟೀಲ್ ಪಾತ್ರೆಯ ಮಾತು. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಬೇಡ, ಕಪ್ಪಾಗುತ್ತದೆ. ಅದಕ್ಕೆ ನೀರಿನಲ್ಲಿ ನೆನೆಸುವುದು, ನಿಂಬೆ ಹಾಕಿ ಕುದಿಸುವುದು ಸಾಕು. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯನ್ನು ಮೆತ್ತಗಿನ ನಾರಿನಿಂದಷ್ಟೇ ತಿಕ್ಕಿ.

ತಳ ಹಿಡಿಯದಂತೆ ತಡೆಯುವುದು ಇನ್ನೂ ಸುಲಭ. ದಪ್ಪ ತಳದ ಪಾತ್ರೆಗೆ ನೀರು ಸುತ್ತಿಸಿ ಚೆಲ್ಲಿ, ಒರೆಸದೆ ಹಾಲು ಹಾಕಿ. ಒದ್ದೆ ಪಾತ್ರೆಯ ಈ ಹಳೆಯ ರೂಢಿ ಒಳ್ಳೆಯದೇ, ಆದರೆ ಉರಿ ಜೋರಾದರೆ ಅದೂ ಕಾಯದು. ಫ್ರಿಜ್‌ನಿಂದ ತೆಗೆದ ತಣ್ಣನೆ ಹಾಲನ್ನು ಜೋರು ಉರಿಗೆ ಇಡಬೇಡಿ. ಮೊದಲ ಕೆಲವು ನಿಮಿಷ ತಳ ಮುಟ್ಟುವಂತೆ ತಿರುವುತ್ತಿರಿ. ಸಂಜೆಯ ಹಾಲಿಗೆ ಬೆಳಗಿನದನ್ನು ಬೆರೆಸಬೇಡಿ, ಹುಳಿಗೆ ತಿರುಗಿದ ಹಾಲು ಬೇಗ ತಳ ಹಿಡಿಯುತ್ತದೆ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಅಂದರೆ ಡೇರಿಯಲ್ಲೇ ಕಾಯಿಸಿ ತಣಿಸಿದ್ದು. ಅದನ್ನು ಒಂದು ಉಕ್ಕು ಬಂದ ಕೂಡಲೇ ಇಳಿಸಬಹುದು. ಮನೆಯಲ್ಲೇ ಕರೆದ ಹಾಲನ್ನು ಮಾತ್ರ ಚೆನ್ನಾಗಿ ಕುದಿಸಲೇಬೇಕು. ಸೀದ ವಾಸನೆ ಬಂದರೆ ಸೌಟು ಆಡಿಸದೆ, ಮೇಲಿನ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ.

ಅಡುಗೆ ಸೋಡಾದ ಸಣ್ಣ ಪೊಟ್ಟಣಕ್ಕೆ ಸುಮಾರು 20–30 ರೂಪಾಯಿ, ಯಾವ ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ತಳ ಹಿಡಿಯುವ ತೊಂದರೆಯೇ ಬೇಡ ಎನ್ನುವವರಿಗೆ ಮಿಲ್ಕ್ ಕುಕ್ಕರ್ ಇದೆ, ಅಂದರೆ ಎರಡು ಗೋಡೆಯ ನಡುವೆ ನೀರು ತುಂಬಿಸುವ ಪಾತ್ರೆ. ಅದರಲ್ಲಿ ಉರಿ ನೇರವಾಗಿ ಹಾಲಿನ ತಳಕ್ಕೆ ತಾಗುವುದಿಲ್ಲ. ಬೆಲೆ 1,000 ರೂಪಾಯಿಯ ಆಸುಪಾಸು. ನಂಜನಗೂಡು, ತಿ. ನರಸೀಪುರದ ಪಾತ್ರೆ ಅಂಗಡಿಗಳಲ್ಲಿ ಕೇಳಿ. ಕೊಳ್ಳುವ ಮೊದಲು ನೀರು ತುಂಬುವ ಬಾಯಿಯ ಮುಚ್ಚಳ ಬಿಗಿಯಾಗಿದೆಯೇ, ಸೀಟಿ ಸಡಿಲವಿಲ್ಲವೇ ನೋಡಿಕೊಳ್ಳಿ. ನೀರು ಬತ್ತಿದ ಮಿಲ್ಕ್ ಕುಕ್ಕರನ್ನು ಒಲೆಯ ಮೇಲೆ ಬಿಡಬೇಡಿ.