ಉಪಗ್ರಹ ದಾಟಿದ ಮೇಲೆ ಹೊತ್ತುವ ರವದಿ

ತುಬಚಿ-ಬಬಲೇಶ್ವರ ಏತ ನೀರಾವರಿ ಕೃಷ್ಣೆಯ ನೀರನ್ನು ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾ ಸೀಮೆಗೆ ಎತ್ತಿ ತಂದಮೇಲೆ ಜೋಳ, ತೊಗರಿಯ ನಡುವೆ ಕಬ್ಬೂ ಹಬ್ಬಿದೆ. ಜೋಳದ ಕಣಿಕೆಗೆ ಇಲ್ಲಿ ಯಾರೂ ಬೆಂಕಿ ಇಟ್ಟವರಲ್ಲ, ಅದು ದನದ ಹೊಟ್ಟೆಗೆ ಬೇಕು. ಕಬ್ಬಿನ ಒಣ ಸೋಗೆಗೆ, ಅಂದರೆ ರವದಿಗೆ, ಆ ಮರ್ಯಾದೆ ಇಲ್ಲ. ಕಟಾವಾದ ಕೂಡಲೇ ಕುಳೆಗೆ ನೀರು ಹಾಯಿಸಬೇಕು, ಆಳು ಸಿಗುವುದಿಲ್ಲ. ಕಡ್ಡಿ ಗೀರಿದರೆ ಸ್ವಲ್ಪ ಹೊತ್ತಿನಲ್ಲೇ ಹೊಲ ಚೊಕ್ಕ.

ಈ ಬೆಂಕಿ ಮೇಲಿನಿಂದ ಕಾಣುತ್ತದೆ, ಆದರೆ ಹೊತ್ತು ಕೂಡಿಬರಬೇಕು. ಬೆಂಕಿ ತೋರಿಸುವ ನಾಸಾದ ಫರ್ಮ್ಸ್ ನಕ್ಷೆಯನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು ಇಟ್ಟಂಗಿಹಾಳದ ಸುತ್ತಮುತ್ತ ಕೆಂಪು ಚುಕ್ಕೆ ಹುಡುಕಬಹುದು. ಸುಡುವ ವಸ್ತು ಸುಮಾರು 4 ಮೈಕ್ರಾನ್ ತರಂಗಾಂತರದಲ್ಲಿ ಶಾಖವನ್ನು ಜೋರಾಗಿ ಸೂಸುತ್ತದೆ. ಉಪಗ್ರಹಗಳಲ್ಲಿರುವ ವೀರ್ಸ್ ಸಂವೇದಕ ಅದನ್ನು ಅಕ್ಕಪಕ್ಕದ ನೆಲದ ಶಾಖದೊಂದಿಗೆ ತೂಗಿ ನೋಡುತ್ತದೆ. ಬೇಸಿಗೆಯ ಎರಿ ಹೊಲ ಎಷ್ಟೇ ಕಾದರೂ ನೆರೆಹೊಲವೂ ಅಷ್ಟೇ ಕಾದಿರುವುದರಿಂದ ಅದು ಸುಲಭಕ್ಕೆ ಮೋಸಹೋಗುವುದಿಲ್ಲ. ಅದರ ಒಂದು ಚೌಕ 375 ಮೀಟರ್, ಅಂದರೆ ಸುಮಾರು 35 ಎಕರೆ. ಅದರೊಳಗಿನ ಎರಡೆಕರೆಯ ಉರಿಯೂ ಸಿಕ್ಕಿಬೀಳುವುದುಂಟು.

ತೊಡಕು ಬೇರೆಯೇ ಇದೆ. ಈ ಉಪಗ್ರಹಗಳು ನಮ್ಮ ನೆತ್ತಿ ದಾಟುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಗಾಳಿ ಇಳಿದ ಮೇಲೆ, ಸಂಜೆ ಇಟ್ಟ ಬೆಂಕಿ ಇವುಗಳ ಲೆಕ್ಕಕ್ಕೇ ಬರುವುದಿಲ್ಲ. ಪಂಜಾಬಿನ ಭತ್ತದ ಕೂಳೆ ಸುಡುವ ಹೊತ್ತು ಸಂಜೆಗೆ ಜಾರಿದೆ ಎಂದು ನಾಸಾದ ವಿಜ್ಞಾನಿ ಹಿರೇನ್ ಜೇತ್ವಾ 2024ರಲ್ಲಿ ಎತ್ತಿ ತೋರಿಸಿದ್ದು ಕೊರಿಯಾದ ಸ್ಥಿರ ಉಪಗ್ರಹದ ಚಿತ್ರಗಳಿಂದ. ಚುಕ್ಕೆ ಕಡಿಮೆಯಾಯಿತೆಂದು ಬೀಗುವವರು ಇದನ್ನು ಓದಬೇಕು.

ನಮ್ಮಲ್ಲೂ ಸ್ಥಿರ ಕಣ್ಣುಗಳಿವೆ. 2024ರ ಫೆಬ್ರವರಿ 17ರಂದು ಹಾರಿದ ಇನ್‌ಸ್ಯಾಟ್-3ಡಿಎಸ್ 36,000 ಕಿ.ಮೀ. ಎತ್ತರದಲ್ಲಿ ನಿಂತು ಅರ್ಧ ತಾಸಿಗೊಮ್ಮೆ ದೇಶವನ್ನು ನೋಡುತ್ತದೆ. ಅದರ ಲಗಾಮು ಹಾಸನದ ಇಸ್ರೊ ಕೇಂದ್ರದ ಕೈಯಲ್ಲಿದೆ. ಆದರೆ ಅದರ ಶಾಖದ ಚೌಕ 4 ಕಿ.ಮೀ. ಅಗಲ, ರವದಿಯ ಬೆಂಕಿ ಅದರಲ್ಲಿ ಕರಗಿಹೋಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ದಿನಗಟ್ಟಲೆ ಉರಿದು ಸುಟ್ಟ ಸಾವಿರಾರು ಎಕರೆಯನ್ನು ಹೈದರಾಬಾದಿನ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರದಿಂದಲೇ ಅಳೆದಿತ್ತು. ಕಾಡ್ಗಿಚ್ಚಿಗೆ ಒಗ್ಗುವ ಲೆಕ್ಕ ಹೊಲದ ಬೆಂಕಿಗೆ ಒಗ್ಗಬೇಕೆಂದಿಲ್ಲ.

ಇನ್ನು ಹೊಗೆ. ಕಣಗಳು ಬಿಸಿಲನ್ನು ಎಷ್ಟು ತಡೆದವು ಎಂಬುದರ ಮೇಲೆ ಉಪಗ್ರಹ ಅವುಗಳ ದಟ್ಟಣೆ ಅಂದಾಜಿಸುತ್ತದೆ. ಅದು ನೆಲದಿಂದ ಮುಗಿಲವರೆಗಿನ ಒಟ್ಟು ಲೆಕ್ಕ; ಡಿಸೆಂಬರಿನ ನಸುಕಿನಲ್ಲಿ ನೆಲಕ್ಕಂಟಿ ಮಲಗುವ ಹೊಗೆ ಎಷ್ಟು, ಎತ್ತರದ ಧೂಳೆಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಫೆಬ್ರವರಿ ದಾಟಿದರೆ ತಿಕೋಟಾದ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗುತ್ತದೆ. ಮಸಿ ಕೂತ ಒಣದ್ರಾಕ್ಷಿಗೆ ದರ ಎಲ್ಲಿಂದ ಬರಬೇಕು?

ಉಸಿರಿನ ಮಟ್ಟದ ಗಾಳಿಯನ್ನು ನೆಲದ ಯಂತ್ರವೇ ಅಳೆಯಬೇಕು. ಪಿಎಂ 2.5 ಕಣಗಳಿಗೆ ದೇಶದ ಮಿತಿ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಜಯಪುರದಲ್ಲಿ ಅದನ್ನು ಎಡೆಬಿಡದೆ ಅಳೆಯುವ ಕೇಂದ್ರ ಇರುವುದು ನಗರದ ಇಬ್ರಾಹಿಂಪುರದಲ್ಲಿ. ಕಬ್ಬು ಇರುವುದು ಹಳ್ಳಿಗಳಲ್ಲಿ. ಮುಂದಿನ ಹಂಗಾಮಿಗೆ ಮೊದಲು ತಿಕೋಟಾಕ್ಕೊಂದು, ಬಬಲೇಶ್ವರಕ್ಕೊಂದು ಮಾಪಕ ಕೊಡಿ. ರವದಿ ಪುಡಿ ಮಾಡುವ ಯಂತ್ರವನ್ನು ಕಾರ್ಖಾನೆಗಳು ಬಾಡಿಗೆಗೆ ಬಿಡಲಿ.