ಚಂಪಾನೇರ್: ಬೆಟ್ಟದ ಬುಡದಲ್ಲೊಂದು ಮರೆತುಹೋದ ರಾಜಧಾನಿ

ಚಂಪಾನೇರ್ ಅಂದಕೂಡಲೇ ಹಲವರಿಗೆ ‘ಲಗಾನ್’ ಸಿನಿಮಾದ ಹಳ್ಳಿ ನೆನಪಾಗುತ್ತದೆ. ಅದು ಕಾಲ್ಪನಿಕ ಹಳ್ಳಿ. ನಿಜವಾದ ಚಂಪಾನೇರ್ ಇರುವುದು ಗುಜರಾತಿನ ವಡೋದರದಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಪಾವಾಗಢ ಬೆಟ್ಟದ ಬುಡದಲ್ಲಿ. ಒಂದು ಕಾಲಕ್ಕೆ ಇದು ಇಡೀ ಗುಜರಾತಿನ ರಾಜಧಾನಿಯಾಗಿತ್ತು ಅಂದರೆ ನಂಬುವುದು ಕಷ್ಟ.

ಬೆಟ್ಟದ ಮೇಲಿನ ಕೋಟೆ ಮೊದಲು ಖೀಚಿ ಚೌಹಾಣ ರಜಪೂತರ ವಶದಲ್ಲಿತ್ತು. ಸುಲ್ತಾನ ಮಹಮೂದ್ ಬೇಗಡ ದೀರ್ಘ ಮುತ್ತಿಗೆಯ ನಂತರ 1484ರಲ್ಲಿ ಅದನ್ನು ಗೆದ್ದ. ಊರಿಗೆ ಮುಹಮ್ಮದಾಬಾದ್ ಎಂದು ಹೆಸರಿಟ್ಟು, ಅಹ್ಮದಾಬಾದಿನಿಂದ ರಾಜಧಾನಿಯನ್ನೇ ಇಲ್ಲಿಗೆ ತಂದ. ಮಸೀದಿ, ಅರಮನೆ, ತೋಟ, ಬೀದಿಗಳೆಲ್ಲ ಎದ್ದುನಿಂತವು. ಬೆಟ್ಟದಿಂದ ಇಳಿಯುವ ಮಳೆನೀರನ್ನು ಕೆರೆ, ಬಾವಿ, ತೊಟ್ಟಿಗಳಲ್ಲಿ ಹಿಡಿದಿಟ್ಟು ಊರು ಬದುಕುತ್ತಿತ್ತು.

ಇಲ್ಲಿನ ಜಾಮಿಯಾ ಮಸೀದಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಮಿನಾರು, ಗುಮ್ಮಟ, ಮಿಹ್ರಾಬ್ ಎಲ್ಲವೂ ಮಸೀದಿಯವೇ. ಆದರೆ ಕಂಬ, ಝರೋಕಾ, ಛಾವಣಿಯ ಕಮಲದ ಕೆತ್ತನೆಗಳಲ್ಲಿ ಗುಜರಾತಿನ ದೇಗುಲ ಶಿಲ್ಪಿಗಳ ಕೈ ಕಾಣುತ್ತದೆ. ನಮ್ಮ ವಿಜಯಪುರದ ಇಬ್ರಾಹಿಂ ರೋಜಾ ನೋಡಿದವರಿಗೆ ಇಂಥ ಸ್ಥಳೀಯ ಕುಶಲತೆ ಹೊಸತೇನಲ್ಲ.

1535ರಲ್ಲಿ ಹುಮಾಯೂನನ ಸೈನಿಕರು ಕಡಿದಾದ ಬಂಡೆಗೆ ಕಬ್ಬಿಣದ ಮೊಳೆ ಬಡಿದು ಕೋಟೆ ಹತ್ತಿದರು. ಮುಸ್ಲಿಂ ದೊರೆಯ ನಗರವನ್ನು ಸೂರೆಮಾಡಿದವನೂ ಮುಸ್ಲಿಂ ದೊರೆಯೇ ಎಂಬುದನ್ನು ಗಮನಿಸಿ. ಮುಂದೆ ರಾಜಧಾನಿ ಅಹ್ಮದಾಬಾದಿಗೆ ಮರಳಿತು, ಚಂಪಾನೇರನ್ನು ಕಾಡು ಆವರಿಸಿತು. 1970ರ ಸುಮಾರಿಗೆ ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಪುರಾತತ್ವಜ್ಞ ಆರ್. ಎನ್. ಮೆಹ್ತಾ ನಡೆಸಿದ ಉತ್ಖನನದಿಂದ ಬೀದಿ, ಮನೆಗಳ ಅಡಿಪಾಯ ಬೆಳಕಿಗೆ ಬಂತು. 2004ರಲ್ಲಿ ಚಂಪಾನೇರ್-ಪಾವಾಗಢ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಹ್ಮದಾಬಾದ್ ನಗರಕ್ಕೆ ಆ ಗೌರವ ಸಿಕ್ಕಿದ್ದು 2017ರಲ್ಲಿ.

ಬೆಟ್ಟದ ತುದಿಯಲ್ಲಿ ಕಾಳಿಕಾ ಮಾತೆಯ ಗುಡಿಯಿದೆ, ಲಕ್ಷಾಂತರ ಭಕ್ತರು ಹತ್ತಿಹೋಗುತ್ತಾರೆ. ಬೇಗಡನ ದಾಳಿಯಲ್ಲಿ ಗುಡಿಯ ಶಿಖರ ಹಾಳಾಯಿತು ಎಂಬ ನೋವು ಅವರಲ್ಲಿದೆ. 2022ರಲ್ಲಿ ಹೊಸ ಶಿಖರದ ಮೇಲೆ ಧ್ವಜ ಹಾರಿತು. ಈ ಮಾತನ್ನು ನಾವು ಮುಚ್ಚಿಡಬೇಕಾಗಿಲ್ಲ. ದೊರೆಗಳು ಮಾಡಿದ್ದಕ್ಕೆ ಇಂದಿನ ನೆರೆಹೊರೆಯವರನ್ನು ಹೊಣೆ ಮಾಡುವುದೂ ಸರಿಯಲ್ಲ. ಮೇಲಿನ ಗುಡಿಗೆ ಹೋಗುವವರೆಲ್ಲ ಕೆಳಗಿನ ಮಸೀದಿಯನ್ನೂ, ಮಸೀದಿ ನೋಡಲು ಹೋದವರು ಬೆಟ್ಟದ ಕಥೆಯನ್ನೂ ಕೇಳಿ ಬಂದರೆ ಚಂಪಾನೇರ್ ಪೂರ್ತಿಯಾಗಿ ಅರ್ಥವಾಗುತ್ತದೆ. ಗುಜರಾತಿಗೆ ಹೋದರೆ ಒಂದು ದಿನ ಇಲ್ಲಿಗೆಂದೇ ಇಟ್ಟುಕೊಳ್ಳಿ.