ಎರಡು ನಾಡಿಬಡಿತಗಳ ನಡುವೆ ಹೃದಯ ಏನು ಮಾಡುತ್ತದೆ?

ಬಕ್ರೀದ್‌ನ ದಿನ ನಮ್ಮ ಅಡುಗೆಮನೆಗಳಲ್ಲಿ ಕಲೇಜಿ, ಗುರ್ದಾ, ದಿಲ್ ಎಲ್ಲ ಬೇರೆ ಬೇರೆ ಪಾತ್ರೆಗಳಲ್ಲಿ ಇರುತ್ತವೆ. ಮುಂದಿನ ಸಲ ದಿಲ್ ಹೆಚ್ಚುವ ಮೊದಲು ಅದನ್ನು ಒಂದು ನಿಮಿಷ ಕೈಯಲ್ಲಿ ಹಿಡಿದು ನೋಡಿ. ಒಂದು ಬದಿ ಒತ್ತಿದರೆ ಗಟ್ಟಿ, ಇನ್ನೊಂದು ಬದಿ ಮೆತ್ತಗೆ. ಉದ್ದಕ್ಕೆ ಸೀಳಿದರೆ ಕಾರಣ ತಿಳಿಯುತ್ತದೆ: ಎಡಗಡೆಯ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಒಳಗೆ ತೆಳ್ಳಗಿನ ಬಿಳಿ ಪೊರೆಗಳು, ಆ ಪೊರೆಯ ಅಂಚಿನಿಂದ ಗೋಡೆಗೆ ಕಟ್ಟಿದ ಬಿಳಿ ದಾರಗಳು. ಕುರಿ, ಆಡಿನ ಹೃದಯಕ್ಕೂ ನಮ್ಮದಕ್ಕೂ ರಚನೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಬಿಯುಎಂಎಸ್ ಓದುವಾಗ ಪುಸ್ತಕದ ಚಿತ್ರದಿಂದ ನನಗೆ ಅರ್ಥವಾಗದೇ ಇದ್ದದ್ದು ಒಂದು ಆಡಿನ ಹೃದಯ ಸೀಳಿದಾಗ ಅರ್ಥವಾಯಿತು.

ಯುನಾನಿ ವೈದ್ಯರ ಮುಂದೆ ಕುಳಿತವರು ಮಾತಾಡುವ ಮೊದಲೇ ಕೈ ಚಾಚುತ್ತಾರೆ. ಶಿರಸಿಯಲ್ಲೂ ಹಾಗೆ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬರುವವರೂ ಹಾಗೆ. "ನಬ್ಜ್ ನೋಡಿ ಹೇಳಿ ಹಕೀಮ್ ಸಾಬ್." ಮಣಿಕಟ್ಟಿನಲ್ಲಿ ಬೆರಳಿಗೆ ತಾಗುವುದು ಹೃದಯದ ಅರ್ಧ ಕೆಲಸ ಮಾತ್ರ. ಉಳಿದರ್ಧ ನಡೆಯುವುದು ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ, ಬೆರಳಿಗೆ ಏನೂ ತಾಗದ ಹೊತ್ತಿನಲ್ಲಿ. ಈ ಲೇಖನ ಮುಖ್ಯವಾಗಿ ಆ ಹೊತ್ತಿನ ಬಗ್ಗೆ.

ಮೊದಲು ಬಡಿತವನ್ನೇ ನೋಡೋಣ. ಹೃದಯಕ್ಕೆ ನಾಲ್ಕು ಕೋಣೆಗಳು. ಮೇಲಿನ ಎರಡು ರಕ್ತ ತುಂಬಿಕೊಳ್ಳುವ ತೆಳುಗೋಡೆಯ ಕೋಣೆಗಳು, ಕೆಳಗಿನ ಎರಡು ರಕ್ತ ನೂಕುವ ದಪ್ಪಗೋಡೆಯ ಕೋಣೆಗಳು. ಬಲಗಡೆಯ ಕೆಳಕೋಣೆ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ಕಳಿಸಿದರೆ ಸಾಕು. ಎಡಗಡೆಯದು ನೆತ್ತಿಯಿಂದ ಹೆಬ್ಬೆರಳಿನವರೆಗೆ ಕಳಿಸಬೇಕು. ಗೋಡೆಯ ದಪ್ಪದಲ್ಲಿ ನೀವು ಕಂಡ ವ್ಯತ್ಯಾಸ ಇದಕ್ಕಾಗಿಯೇ.

ಬಡಿಯಿರಿ ಎಂಬ ಅಪ್ಪಣೆ ಮೆದುಳಿನಿಂದ ಬರಬೇಕಾಗಿಲ್ಲ. ಕುರ್ಬಾನಿ ನೋಡಿದವರಿಗೆ ಗೊತ್ತು, ಹೊರತೆಗೆದ ಹೃದಯವೂ ಸ್ವಲ್ಪ ಹೊತ್ತು ಅದುರುತ್ತಿರುತ್ತದೆ. ಬಲ ಮೇಲ್ಕೋಣೆಯ ಮೇಲ್ಭಾಗದಲ್ಲಿರುವ ಒಂದು ಸಣ್ಣ ಜೀವಕೋಶಗಳ ಗುಂಪು ತಾನಾಗಿಯೇ ವಿದ್ಯುತ್ ಸೂಚನೆ ಹೊರಡಿಸುತ್ತದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅದನ್ನು ಗುರುತಿಸಿದರು. ಮೆದುಳು, ಭಯ, ಜ್ವರ, ಚಹಾ, ತಂಬಾಕು ಇವೆಲ್ಲ ಅದರ ವೇಗವನ್ನು ಹೆಚ್ಚು ಕಡಿಮೆ ಮಾಡಬಲ್ಲವು, ಅಷ್ಟೇ. ಸೂಚನೆ ಮೊದಲು ಮೇಲಿನ ಕೋಣೆಗಳಿಗೆ ಹರಡುತ್ತದೆ, ಅವು ಹಿಂಡಿ ತಮ್ಮಲ್ಲಿರುವ ರಕ್ತವನ್ನು ಕೆಳಕ್ಕೆ ಇಳಿಸುತ್ತವೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಸೂಚನೆಗೆ ಒಂದು ತಡೆ ಇದೆ. ಅಲ್ಲಿ ಅದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಯುತ್ತದೆ. ಕಾಯದೇ ಹೋಗಿದ್ದರೆ ಕೆಳಕೋಣೆಗಳು ತುಂಬುವ ಮೊದಲೇ ಹಿಂಡಲು ಶುರುಮಾಡುತ್ತಿದ್ದವು.

ಆಮೇಲೆ ಕೆಳಕೋಣೆಗಳ ಸರದಿ. ಅವು ರಬ್ಬರ್ ಚೆಂಡನ್ನು ಮುಷ್ಟಿಯಲ್ಲಿ ಅಮುಕಿದಂತೆ ಹಿಂಡುವುದಿಲ್ಲ. ಸ್ನಾಯುವಿನ ಎಳೆಗಳು ಸುತ್ತಿಕೊಂಡು ಹೋಗಿರುವುದರಿಂದ ಮೇಲ್ಭಾಗ ಒಂದು ಕಡೆಗೂ ತುದಿ ಅದರ ಎದುರು ಕಡೆಗೂ ತಿರುಗುತ್ತವೆ. ಮಳೆಗಾಲದಲ್ಲಿ ಒದ್ದೆ ಚಾದರ ಹಿಂಡುವಾಗ ನಿಮ್ಮ ಎರಡು ಕೈ ಮಾಡುವ ಕೆಲಸ ಇದೇ. ಹಿಂಡಲು ಶುರುವಾದ ಕೂಡಲೇ ಮೇಲಿನ ಕವಾಟಗಳು ಮುಚ್ಚಿಕೊಳ್ಳುತ್ತವೆ. ನೀವು ಕಂಡ ಬಿಳಿ ದಾರಗಳು ಅವು ಹಿಂದಕ್ಕೆ ಮಗುಚಿಕೊಳ್ಳದಂತೆ ಹಿಡಿದಿಡುತ್ತವೆ. ಒಂದು ಕ್ಷಣ ಎಲ್ಲ ಬಾಗಿಲೂ ಮುಚ್ಚಿರುತ್ತವೆ, ಒಳಗೆ ಒತ್ತಡ ಏರುತ್ತದೆ, ಆಗ ಹೊರಬಾಗಿಲು ತಳ್ಳಿಕೊಂಡು ತೆರೆಯುತ್ತದೆ. ಕೊಳೆರೋಗಕ್ಕೆ ಬೋರ್ಡೊ ಹೊಡೆಯಲು ಗಟಾರ್ ಪಂಪು ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪಿನ ವಾಲ್‌ನಲ್ಲಿ ಒಂದು ಕಸ ಸಿಕ್ಕಿಕೊಂಡರೆ ಎಷ್ಟು ತುಳಿದರೂ ದ್ರಾವಣ ಅಡಿಕೆ ಗೊನೆಯವರೆಗೆ ಏರುವುದಿಲ್ಲ. ವೈದ್ಯರು ಸ್ಟೆತೊಸ್ಕೋಪಿನಲ್ಲಿ ಕೇಳುವ 'ಲಬ್ ಡಬ್' ಸದ್ದು ಈ ಬಾಗಿಲುಗಳು ಮುಚ್ಚುವ ಸದ್ದು. ಮೊದಲನೆಯದು ಮೇಲಿನ ಜೋಡಿ ಮುಚ್ಚಿದಾಗ, ಎರಡನೆಯದು ಹೊರಬಾಗಿಲ ಜೋಡಿ ಮುಚ್ಚಿದಾಗ.

ಒಂದು ಹಿಂಡಿಗೆ ಸುಮಾರು 70 ಮಿಲಿಲೀಟರ್ ರಕ್ತ ಹೊರಗೆ ಹೋಗುತ್ತದೆ. ನಮ್ಮ ಸಣ್ಣ ಚಹಾ ಲೋಟದ ಅಳತೆಗೆ ಹತ್ತಿರ. ನಿಮಿಷಕ್ಕೆ ಎಪ್ಪತ್ತು ಚಿಲ್ಲರೆ ಬಡಿತ ಎಂದರೆ ಐದು ಲೀಟರ್, ಹೆಚ್ಚುಕಡಿಮೆ ಮೈಯಲ್ಲಿರುವ ಅಷ್ಟೂ ರಕ್ತ. ಕೋಣೆಯಲ್ಲಿ 120ರಷ್ಟು ತುಂಬಿದ್ದರೂ 70 ಮಾತ್ರ ಹೊರಗೆ ಹೋಗುತ್ತದೆ, ಉಳಿದದ್ದು ಒಳಗೇ ಇರುತ್ತದೆ. ಇದನ್ನು ಹೇಳಲು ಕಾರಣವಿದೆ. ಎಕೋ ವರದಿ ಹಿಡಿದುಕೊಂಡು ಬಂದು "ನನ್ನ ಹಾರ್ಟ್ ಬರೀ 60 ಪರ್ಸೆಂಟ್ ಕೆಲಸ ಮಾಡ್ತದಂತೆ" ಎಂದು ಅಳುಮುಖ ಮಾಡುವವರನ್ನು ನಾನು ಬಹಳ ಕಂಡಿದ್ದೇನೆ. ವರದಿಯಲ್ಲಿ ಇಎಫ್ 60 ಎಂದು ಬರೆದಿದ್ದರೆ ಅದು ಪರೀಕ್ಷೆಯ ಅಂಕವಲ್ಲ. ತುಂಬಿದ ನೂರರಲ್ಲಿ ಅರವತ್ತು ಪಾಲು ಹೊರಗೆ ಹೋಗುತ್ತಿದೆ ಎಂದು ಅರ್ಥ, ಆರೋಗ್ಯವಂತ ಹೃದಯದ ಲೆಕ್ಕವೇ ಅದು. ನೂರಕ್ಕೆ ನೂರು ಯಾರಿಗೂ ಇರುವುದಿಲ್ಲ.

ಇನ್ನು ನಡುವಿನ ಹೊತ್ತು. ನಿಮಿಷಕ್ಕೆ 75 ಬಡಿತ ಎಂದರೆ ಒಂದು ಸುತ್ತಿಗೆ 0.8 ಸೆಕೆಂಡು. ಅದರಲ್ಲಿ ಕೆಳಕೋಣೆ ಹಿಂಡುವುದು ಸುಮಾರು 0.3 ಸೆಕೆಂಡು. ಉಳಿದ 0.5 ಸೆಕೆಂಡು ಅದು ಸಡಿಲಾಗಿರುತ್ತದೆ. ಹಿಂಡುವುದಕ್ಕಿಂತ ಬಿಡುವೇ ಹೆಚ್ಚು! ಆದರೆ ಬಿಡುವಿನಲ್ಲಿ ಅದು ಸುಮ್ಮನೆ ಇರುವುದಿಲ್ಲ. ತಿರುಚಿಕೊಂಡ ಸ್ನಾಯು ಬಿಚ್ಚಿಕೊಳ್ಳುವಾಗ ಮೇಲಿನಿಂದ ರಕ್ತವನ್ನು ಎಳೆದುಕೊಳ್ಳುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ಹೃದಯದ ಒಳಗೆ ಇಷ್ಟು ರಕ್ತ ಹರಿದರೂ ಅದರ ದಪ್ಪ ಗೋಡೆಗೆ ಅನ್ನಾಹಾರ ಆ ರಕ್ತದಿಂದ ನೇರವಾಗಿ ಸಿಗುವುದಿಲ್ಲ. ಹೊರಮೈಮೇಲೆ ಹರಡಿಕೊಂಡಿರುವ ಸಣ್ಣ ರಕ್ತನಾಳಗಳಿಂದ ಸಿಗಬೇಕು. ಎಡ ಕೆಳಕೋಣೆ ಹಿಂಡಿಕೊಂಡಿರುವಾಗ ಗೋಡೆಯೊಳಗಿನ ಆ ನಾಳಗಳೂ ಅಮುಕಿಕೊಂಡಿರುತ್ತವೆ. ಹಾಗಾಗಿ ಅಲ್ಲಿ ರಕ್ತ ಹರಿಯುವುದು ಹೆಚ್ಚಾಗಿ ಬಿಡುವಿನಲ್ಲೇ. ಊರಿಗೆಲ್ಲ ಬಡಿಸಿದ ಮೇಲೆ ತಾನು ಉಣ್ಣುವ ತಾಯಿಯ ಹಾಗೆ.

ಬಡಿತ ನಿಮಿಷಕ್ಕೆ 150 ಆದರೆ ಒಂದು ಸುತ್ತಿಗೆ ಸಿಗುವುದು 0.4 ಸೆಕೆಂಡು ಮಾತ್ರ. ಹಿಂಡುವ ಸಮಯ ಸ್ವಲ್ಪವೇ ಕಡಿಮೆಯಾಗುತ್ತದೆ, ಬಿಡುವು ಅರ್ಧಕ್ಕಿಂತ ಕೆಳಕ್ಕೆ ಇಳಿಯುತ್ತದೆ. ಕೆಲಸ ಹೆಚ್ಚು, ಊಟದ ಹೊತ್ತು ಕಡಿಮೆ. ಗುಡ್ಡ ಹತ್ತುವಾಗ, ಮರ ಹತ್ತುವಾಗ ಆರೋಗ್ಯವಂತ ಹೃದಯ ಇದನ್ನು ಸಲೀಸಾಗಿ ನಿಭಾಯಿಸುತ್ತದೆ. ಸುಮ್ಮನೆ ಕುಳಿತಾಗಲೂ ಹೀಗೇ ಓಡುತ್ತಿದ್ದರೆ ಕಾರಣ ಹುಡುಕಲೇಬೇಕು.

ನಮ್ಮ ಹಳೆಯ ಹಕೀಮರಿಗೆ ಈ ಬಿಡುವಿನ ಬೆಲೆ ಗೊತ್ತಿತ್ತು. ಇಬ್ನ್ ಸೀನಾ ನಾಡಿಯನ್ನು ಹತ್ತು ಬಗೆಯಲ್ಲಿ ಪರೀಕ್ಷಿಸಬೇಕೆಂದು ಹೇಳಿದ್ದರಲ್ಲಿ ಜಮಾನ್-ಎ-ಸುಕೂನ್, ಅಂದರೆ ನಾಡಿ ಸುಮ್ಮನಿರುವ ಸಮಯವೂ ಒಂದು. ಬಡಿತ ಸಮವಾಗಿದೆಯೇ ಇಲ್ಲವೇ ಎಂಬುದು ಇನ್ನೊಂದು. ಹಾಗೆಂದು ಹಳಬರು ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುವುದಿಲ್ಲ. ಜಾಲಿನೂಸ್ ಎಂದು ನಾವು ಕರೆಯುವ ಗ್ಯಾಲೆನ್, ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅದರ ಮೂಲಕ ಬಲದಿಂದ ಎಡಕ್ಕೆ ಹೋಗುತ್ತದೆ ಎಂದು ಬರೆದಿದ್ದ. ಸಾವಿರ ವರ್ಷ ಎಲ್ಲರೂ ಅದನ್ನೇ ನಂಬಿದರು. 13ನೇ ಶತಮಾನದಲ್ಲಿ ಇಬ್ನ್ ಅಲ್-ನಫೀಸ್ ಎಂಬ ವೈದ್ಯರು ಇಬ್ನ್ ಸೀನಾರ ಗ್ರಂಥಕ್ಕೆ ಟೀಕೆ ಬರೆಯುತ್ತ, ಆ ಗೋಡೆ ಗಟ್ಟಿ, ರಂಧ್ರವೇ ಇಲ್ಲ, ರಕ್ತ ಶ್ವಾಸಕೋಶ ಸುತ್ತಿಕೊಂಡೇ ಎಡಕ್ಕೆ ಬರಬೇಕು ಎಂದರು. 1288ರಲ್ಲಿ ಕೈರೊದಲ್ಲಿ ಅವರು ತೀರಿಕೊಂಡ ಮೇಲೆ ಆ ಮಾತು ಬಹುತೇಕ ಮರೆತುಹೋಯಿತು. 1924ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಒಬ್ಬ ಈಜಿಪ್ಟಿನ ವೈದ್ಯ ಬರ್ಲಿನ್ ಗ್ರಂಥಾಲಯದಲ್ಲಿ ಅದರ ಹಸ್ತಪ್ರತಿ ನೋಡಿ ಬೆಳಕಿಗೆ ತಂದರು. ಅಷ್ಟರೊಳಗೆ, 1628ರಲ್ಲೇ, ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತ ಮೈಯೆಲ್ಲ ಸುತ್ತಿ ಹೃದಯಕ್ಕೆ ಮರಳುತ್ತದೆ ಎಂದೂ, ಹೃದಯ ಹಿಂಡಿದಾಗಲೇ ನಾಡಿ ಏಳುತ್ತದೆ ಎಂದೂ ಬರೆದಾಗಿತ್ತು. ಗುರುವಿನ ಮಾತನ್ನು ಗೌರವದಿಂದಲೇ ತಿದ್ದಿದ ಇಬ್ನ್ ಅಲ್-ನಫೀಸ್ ನನಗೆ ಬಹಳ ಇಷ್ಟ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಯಲ್ಲಾಪುರದ ಕಡೆಯ, ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದಿದ್ದರು. "ಬಾವಿಯಿಂದ ಕೊಡ ತರುವಾಗ ಏದುಸಿರು ಬರ್ತದೆ, ಎದೆ ಡವಡವ ಅಂತದೆ ಡಾಕ್ಟ್ರೇ." ಕ್ಲಿನಿಕ್ಕಿನಲ್ಲಿ ಗದ್ದಲ. ಹತ್ತು ಸೆಕೆಂಡು ನಾಡಿ ಹಿಡಿದೆ, ಆರರಿಂದ ಗುಣಿಸಿದೆ, ರಕ್ತ ಕಡಿಮೆ, ಗ್ಯಾಸ್ ಎಂದು ಔಷಧಿ ಕೊಟ್ಟು ಕಳಿಸಿದೆ. ಮೂರು ವಾರದ ಮೇಲೆ ಮತ್ತೆ ಬಂದರು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕುಳಿತರೆ ಸರಿಯಾಗುತ್ತದೆ ಎಂದರು. ಆ ದಿನ ಪೂರ್ತಿ ಒಂದು ನಿಮಿಷ ನಾಡಿ ಹಿಡಿದೆ. ಎರಡು ಬಡಿತ ಹತ್ತಿರ ಹತ್ತಿರ, ಒಂದು ದೂರ, ಮತ್ತೆ ಮೂರು ಅವಸರದಲ್ಲಿ. ಲೆಕ್ಕಕ್ಕೇ ಸಿಗದು. "ಚಿಕ್ಕಂದಿನಲ್ಲಿ ಕೀಲುನೋವು ಬಂದಿತ್ತೇ ಆಪಾ?" ಎಂದು ಕೇಳಿದೆ. ಒಂದು ಮಳೆಗಾಲ ಪೂರ್ತಿ ಮಂಡಿ, ಮಣಿಕಟ್ಟು ಊದಿಕೊಂಡು ಶಾಲೆಗೇ ಹೋಗಿರಲಿಲ್ಲವಂತೆ.

ಹುಬ್ಬಳ್ಳಿಯಲ್ಲಿ ಎಕೋ ಮಾಡಿಸಿದಾಗ ಎಡಗಡೆಯ ಮೇಲಿನ ಕವಾಟ ಕಿರಿದಾಗಿರುವುದು ಕಂಡಿತು. ಮಕ್ಕಳಲ್ಲಿ ಒಂದು ಬಗೆಯ ಗಂಟಲುಬೇನೆಯ ನಂತರ ಬರುವ ಸಂಧಿವಾತ ಜ್ವರ ಹೀಗೆ ಕವಾಟವನ್ನು ಕೆಡಿಸುತ್ತದೆ, ಕೆಟ್ಟದ್ದು ಕಾಣಿಸಿಕೊಳ್ಳುವುದು ಹತ್ತಿಪ್ಪತ್ತು ವರ್ಷದ ಮೇಲೆ. ಬಾಗಿಲು ಕಿರಿದಾದರೆ ರಕ್ತ ಇಳಿಯಲು ಬಿಡುವು ಹೆಚ್ಚು ಬೇಕು. ಅವರಿಗೆ ಬಡಿತ ಓಡುತ್ತಿದ್ದುದರಿಂದ ಬಿಡುವೇ ಸಿಗುತ್ತಿರಲಿಲ್ಲ. ಮೇಲ್ಕೋಣೆ ಹಿಂಡುವುದನ್ನು ಬಿಟ್ಟು ಬರೀ ಕಂಪಿಸುತ್ತಿತ್ತು. ಇಳಿಯದ ರಕ್ತ ಶ್ವಾಸಕೋಶದಲ್ಲಿ ಕಟ್ಟಿಕೊಂಡಿತ್ತು. ರಾತ್ರಿ ಉಸಿರು ಕಟ್ಟಿದ್ದು ಅದರಿಂದ. ಬಲೂನ್ ಹಾಕಿ ಕವಾಟ ಅಗಲ ಮಾಡಿದರು, ಬಡಿತ ಹಿಡಿದಿಡುವ ಮಾತ್ರೆ ಕೊಟ್ಟರು. ಕಂಪಿಸುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವಾ ಹೊಡೆಯುವ ಅಪಾಯವಿದೆ, ಅದಕ್ಕೆ ರಕ್ತ ತೆಳುಮಾಡುವ ಮಾತ್ರೆಯೂ ಇದೆ. ನನ್ನ ಕಪಾಟಿನ ಯಾವ ಖಮೀರಾ ಕೂಡ ಆ ಬಾಗಿಲನ್ನು ತೆರೆಯುತ್ತಿರಲಿಲ್ಲ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ನಮ್ಮ ಔಷಧಿಯಾಗಲಿ, ನಾಟಿ ಔಷಧಿಯಾಗಲಿ ಕೇಳದೇ ಸೇವಿಸಬೇಡಿ. ಕೆಲವು ಅದರೊಂದಿಗೆ ಸೇರಿದರೆ ರಕ್ತಸ್ರಾವವಾಗುತ್ತದೆ.

ಮನೆಯಲ್ಲಿ ಮಕ್ಕಳಿಗೆ ಜ್ವರದೊಂದಿಗೆ ಗಂಟಲುನೋವು ಬಂದರೆ ಅರಿಶಿನ ಹಾಲಿನಲ್ಲೇ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ, ಕೊಟ್ಟ ಮಾತ್ರೆ ಮುಗಿಸಿ. ಆಮೇಲೆ ಕೀಲು ಊದಿದರೆ, ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರಿದರೆ ತಡಮಾಡಬೇಡಿ. ಈ ಕಾಯಿಲೆ ಎಂದು ಖಚಿತವಾದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕುತ್ತಾರೆ, ವರ್ಷಗಟ್ಟಲೆ. ಮಗು ಓಡಾಡಿಕೊಂಡಿದೆ ಎಂದು ನಡುವೆ ಬಿಡಬಾರದು.

ನಾಡಿ ಎಣಿಸಲು ನೀವೇ ಕಲಿಯಬಹುದು. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಡಿ. ನೋಡುವ ಕೈಯ ಹೆಬ್ಬೆರಳು ಬಳಸಬೇಡಿ, ಅದರದ್ದೇ ನಾಡಿ ಗೊಂದಲ ಮಾಡುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ 60ರಿಂದ 100ರೊಳಗೆ ಇರಬೇಕು. ತೋಟದಲ್ಲಿ ದುಡಿಯುವ ಗಟ್ಟಿಮುಟ್ಟಾದವರಲ್ಲಿ 50ರ ಮೇಲೆ ಇದ್ದರೂ ತೊಂದರೆಯಿಲ್ಲ. ಎಲ್ಲೋ ಒಮ್ಮೆ ಒಂದು ಬಡಿತ ತಪ್ಪಿದಂತಾದರೆ ಹೆದರಬೇಕಾಗಿಲ್ಲ. ಪೂರ್ತಿ ನಿಮಿಷ ತಾಳ ತಪ್ಪಿಯೇ ಇದ್ದರೆ, ಕುಳಿತಾಗಲೂ 100 ದಾಟುತ್ತಿದ್ದರೆ, ಇಸಿಜಿ ಮಾಡಿಸಿ.

ಎದೆನೋವಿನ ವಿಷಯ ಮಾತ್ರ ಬೇರೆ. ಗೋಡೆಗೆ ಆಹಾರ ಕೊಡುವ ನಾಳ ಮುಚ್ಚಿದರೆ ಆ ಭಾಗದ ಸ್ನಾಯು ಒಂದೆರಡು ನಿಮಿಷದಲ್ಲೇ ಹಿಂಡುವುದನ್ನು ನಿಲ್ಲಿಸುತ್ತದೆ, ಅರ್ಧ ಗಂಟೆಯಲ್ಲಿ ಸಾಯಲು ಶುರುವಾಗುತ್ತದೆ. ಎದೆಯ ನಡುವೆ ಭಾರ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಇದ್ದರೆ ನಾಡಿ ಎಣಿಸುತ್ತ ಕೂರಬೇಡಿ, ನನ್ನ ಹತ್ತಿರವೂ ಬರಬೇಡಿ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ದಾರಿ, ಸಿದ್ದಾಪುರದಿಂದ ಇನ್ನೂ ದೂರ. ನೇರ ಅಲ್ಲಿಗೆ ಹೊರಡುವ ಬದಲು 108ಕ್ಕೆ ಕರೆ ಮಾಡಿ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. 2023ರಲ್ಲಿ ರಾಜ್ಯ ಸರಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿದೆ. ಅದರಡಿ ಆಯ್ದ ಸರಕಾರಿ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತ. ನಿಮ್ಮ ತಾಲೂಕಿನಲ್ಲಿ ಅದು ಎಲ್ಲಿ ಸಿಗುತ್ತದೆ ಎಂದು ನೋವು ಬರುವ ಮೊದಲೇ ಕೇಳಿ ಇಟ್ಟುಕೊಳ್ಳಿ.

ಆ ಹೆಣ್ಣುಮಗಳು ಈಗಲೂ ಮೂರು ತಿಂಗಳಿಗೊಮ್ಮೆ ಬರುತ್ತಾರೆ, ಮಗನ ಹಳೆಯ ನೋಟುಪುಸ್ತಕದಲ್ಲಿ ತಾರೀಕು ಹಾಕಿ ನಾಡಿಯ ಸಂಖ್ಯೆ ಬರೆದುಕೊಂಡು. ಕಳೆದ ಸಲ 74 ಇತ್ತು. ನಾನು ಮತ್ತೊಮ್ಮೆ ಎಣಿಸಿದೆ, ಪೂರ್ತಿ ಒಂದು ನಿಮಿಷ.